ಮೆಟ್ಟಿಲು ಬೇಡ, ಅಪ್ಪ

ಜಿನಾನ್, ಚೀನಾ

ತೀರ್ಥರೂಪು ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ.

ಅಮ್ಮನ ಪತ್ರ ಬಂತು. ಅಕ್ಟೋಬರಿನಲ್ಲಿ ಬಂದಾಗ ತೈಷಾನ್ ಬೆಟ್ಟವನ್ನು ಬುಡದಿಂದ ನಡೆದೇ ಹತ್ತುತ್ತೇನೆ ಅಂತ ಹಟ ಹಿಡಿದಿದ್ದೀರಂತೆ. ಸ್ಟೆಂಟ್ ಹಾಕಿ ಇನ್ನೂ ಆರು ತಿಂಗಳಾಗಿಲ್ಲ. ಬೇಡ ಅಪ್ಪ. ಚಾಮುಂಡಿ ಬೆಟ್ಟದ ಲೆಕ್ಕ ಇಲ್ಲಿ ಹಿಡಿಯಬೇಡಿ. ಅಲ್ಲಿ ಸಾವಿರ ಮೆಟ್ಟಿಲು, ಇಲ್ಲಿ ಆರು ಸಾವಿರಕ್ಕೂ ಮೇಲೆ. ಕೊನೆಯಲ್ಲಿ 'ಹದಿನೆಂಟು ತಿರುವು' ಅಂತ ಒಂದು ಏರು ಬರುತ್ತದೆ. ಒಂದು ಕಿಲೋಮೀಟರಿನೊಳಗೆ 1,600 ಮೆಟ್ಟಿಲು, ನಾನೂರು ಮೀಟರ್ ಎತ್ತರ. ಸಾಮಾನು ಹೊರುವವರೇ ಅಲ್ಲಿ ನೇರ ಹತ್ತುವುದಿಲ್ಲ. ಅಡ್ಡೆಯನ್ನು ಹೆಗಲಿಂದ ಹೆಗಲಿಗೆ ಬದಲಿಸುತ್ತಾ, ಮೆಟ್ಟಿಲ ಈ ತುದಿಯಿಂದ ಆ ತುದಿಗೆ ಓರೆಯಾಗಿ ಹೋಗುತ್ತಾರೆ. ಅರ್ಧದಲ್ಲಿ ಎದೆ ಹಿಡಿದುಕೊಂಡರೆ ಕೇಬಲ್ ಕಾರು ಹತ್ತಲು ನಡುವೆ ನಿಲ್ದಾಣವಿಲ್ಲ.

ಹೀಗೆ ಮಾಡೋಣ. ಮೊದಲ ದಿನ ಬುಡದ ತೈಆನ್ ಊರಿನ ದಾಯ್ ಮಿಯಾವ್ ದೇವಸ್ಥಾನ. ಎಲ್ಲ ಸಮತಟ್ಟು, ನಿಧಾನವಾಗಿ ನೋಡಬಹುದು. ಬೆಟ್ಟದ ದೇವರೇ ಅಲ್ಲಿ ಮೂಲಮೂರ್ತಿ. ಹುಟ್ಟುಸಾವಿನ ಲೆಕ್ಕ ಇಡುವವನು, ನಮ್ಮ ಯಮಧರ್ಮನ ಹಾಗೆ. ಒಳಗೋಡೆಯ ಮೇಲೆ ಅವನ ಸವಾರಿ ಹೊರಟು ಮರಳುವ ಚಿತ್ರ ಅರವತ್ತು ಮೀಟರಿಗೂ ಉದ್ದ ಇದೆ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಅರ್ಧ ಬೆಟ್ಟ, ಅಲ್ಲಿಂದ ಕೇಬಲ್ ಕಾರಿನಲ್ಲಿ ಹತ್ತು ನಿಮಿಷಕ್ಕೆ ಬೆಟ್ಟದ ಮೇಲಿರುವ 'ದಕ್ಷಿಣದ ಸ್ವರ್ಗದ್ವಾರ' ಎಂಬ ಹೆಬ್ಬಾಗಿಲ ಹತ್ತಿರ. ಗಾಳಿ, ಗುಡುಗು ಜೋರಾದರೆ ಕೇಬಲ್ ಕಾರು ನಿಲ್ಲಿಸುತ್ತಾರೆ, ಆಗ ಕೆಳಗೇ ಕಾಯೋಣ. ಸೂರ್ಯೋದಯಕ್ಕೆಂದು ರಾತ್ರಿ ಹತ್ತುವವರ ಜೊತೆ ಸೇರುವುದು ಬೇಡ. ಮೇಲೆ ಚಳಿ ಎಷ್ಟೆಂದರೆ ದಪ್ಪ ಕೋಟು ಬಾಡಿಗೆಗೆ ಕೊಡುತ್ತಾರೆ.

ಸ್ವರ್ಗದ್ವಾರದಿಂದ ದೇವಿಯ ಗುಡಿಗೆ ಸ್ವಲ್ಪ ನಡಿಗೆ, ಕೆಲವು ಮೆಟ್ಟಿಲು. ಅಷ್ಟು ಸಾಕು. ದೇವಿಯ ಹೆಸರು ಬಿಶಿಯಾ ಯುವಾನ್‌ಜುನ್, ಆದರೆ ಜನ ಕರೆಯುವುದು 'ಲಾವೊ ನಾಯ್‌ನಾಯ್', ಅಂದರೆ ಅಜ್ಜಿ. ದೊಡ್ಡ ಗುಡಿಯ ಹೆಂಚು ಕಂಚಿನದು, ಪಕ್ಕದವಕ್ಕೆ ಕಬ್ಬಿಣದ್ದು. ಮಣ್ಣಿನ ಹೆಂಚು ಆ ಗಾಳಿಗೆ ನಿಲ್ಲುವುದಿಲ್ಲ. ಒಂದು ಕಡೆ ಮಕ್ಕಳನ್ನು ಕೊಡುವ ತಾಯಿ, ಇನ್ನೊಂದು ಕಡೆ ಕಣ್ಣು ಕಾಯುವ ತಾಯಿ. ಅಮ್ಮ ತನ್ನ ಪೊರೆಯ ಕಣ್ಣಿಗೆ ಅಲ್ಲೇ ಹರಕೆ ಹೊರಲಿ.

ಚಪ್ಪಲಿ ಬಿಡುವ ಪದ್ಧತಿ ಇಲ್ಲ, ಅಮ್ಮನಿಗೆ ಮೊದಲೇ ಹೇಳಿಡಿ. ಹೊಸ್ತಿಲು ಎತ್ತರ, ತುಳಿಯದೆ ದಾಟಬೇಕು. ಊದುಬತ್ತಿ ಮೂರೇ; ಹೊರಗಿನ ಧೂಪದ ಕುಂಡದಲ್ಲಿ ಹಚ್ಚಬೇಕು. ಉರಿ ಎದ್ದರೆ ಕೈಯಿಂದ ಬೀಸಿ ಆರಿಸಬೇಕು, ಬಾಯಿಂದ ಊದುವುದು ಇಲ್ಲೂ ತಪ್ಪು. ಬಲಗೈಯ ಮೇಲೆ ಎಡಗೈ ಇರಲಿ, ಮೂರು ಸಲ ಬಾಗಿ. ಗರ್ಭಗುಡಿಯಲ್ಲಿ ಫೋಟೊ ಬೇಡ.

ಊಟದ ಚಿಂತೆ ಬಿಡಿ. ತೈಆನ್ ಎಲೆಕೋಸಿಗೂ ಸೋಯಾ ಪನೀರಿನಂಥ ತೋಫುವಿಗೂ ಹೆಸರಾದ ಊರು. ಜಿಯಾನ್‌ಬಿಂಗ್ ಅಂತ ಕಾಗದದಷ್ಟು ತೆಳ್ಳಗಿನ ರೊಟ್ಟಿ, ದುಂಡು ಕಾವಲಿಯ ಮೇಲೆ ಹಿಟ್ಟು ಹರಡಿ ಬೇಯಿಸುತ್ತಾರೆ. ಮೊಟ್ಟೆ ಹಾಕಬೇಡಿ ಎಂದು ನಾನೇ ಹೇಳುತ್ತೇನೆ.

ಹೊರಡುವ ಮೊದಲು ಡಾಕ್ಟರರನ್ನು ಕೇಳಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ಕೇಬಲ್ ಕಾರು ಸರಿಯೇ ಎಂದೂ ಕೇಳಿ. ನಾಲಿಗೆ ಕೆಳಗಿಡುವ ಮಾತ್ರೆ ಬ್ಯಾಗಿನಲ್ಲಲ್ಲ, ಅಂಗಿ ಜೇಬಿನಲ್ಲಿ. ಟಿಕೆಟ್ಟಿಗೆ ಪಾಸ್‌ಪೋರ್ಟ್ ಅಸಲೇ ಬೇಕು, ಜೆರಾಕ್ಸ್ ನಡೆಯದು. ಜೊತೆಗೆ ನಾನಿರುತ್ತೇನೆ, ಏನೂ ಆಗುವುದಿಲ್ಲ, ಖಂಡಿತ ಏನೂ ಆಗುವುದಿಲ್ಲ.

ಆಫೀಸಿಗೆ ಹೊತ್ತಾಯಿತು. ಅಮ್ಮನಿಗೆ ನಮಸ್ಕಾರ ತಿಳಿಸಿ. ಮಾತ್ರೆ ಮರೆಯಬೇಡಿ.

ನಿಮ್ಮ ಮಗ