ಪುಟ್ಟ ಮನೆಯ ವೆಬ್‌ಸೈಟ್: ಪುಣೆಯಿಂದ ಅಪ್ಪನಿಗೆ

ಪುಣೆ,
ಶ್ರಾವಣ, ಶುಕ್ರವಾರ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ ಎಂದು ಬೇರೆ ಕೇಳುವುದಿಲ್ಲ, ಅವಳೇ ದಿನಾ ಹೇಳುತ್ತಾಳೆ.

ಮೊನ್ನೆ ಫೋನಿನಲ್ಲಿ ನೀವು ಒಂದು ಪ್ರಶ್ನೆ ಕೇಳಿದಿರಿ. ನಡುವೆ ತಮ್ಮ ಬಾಯಿ ಹಾಕಿದ್ದರಿಂದ ಉತ್ತರ ಹೇಳಲು ಆಗಲಿಲ್ಲ. “ವೆಬ್‌ಸೈಟ್ ಮಾಡಿಸಿದರೆ ಕೆಲಸ ತಾನಾಗಿ ಹುಡುಕಿಕೊಂಡು ಬರುತ್ತದೆ ಎನ್ನುತ್ತಾನೆ ನಿನ್ನ ತಮ್ಮ, ಹೌದೇ?” ಎಂದಿರಿ. ಬರುವುದೇನೋ ಬರುತ್ತದೆ ಅಪ್ಪಾ. ಆದರೆ ಬರುವುದು ಕೆಲಸವೋ ಬರಿಯ ಫೋನ್ ಕರೆಗಳೋ ಎನ್ನುವುದು ಅದರಲ್ಲಿ ಏನು ಬರೆದಿದ್ದೀರಿ, ಏನು ತೋರಿಸಿದ್ದೀರಿ ಎಂಬುದರ ಮೇಲೆ ನಿಂತಿದೆ. ಕಿಟಕಿ ಬಾಗಿಲಿನ ಆರ್ಡರ್ ಕಡಿಮೆಯಾಗಿ, ಶೆಡ್ಡಿನಲ್ಲೇ ಮರದ ಪುಟ್ಟ ಮನೆ ಕಟ್ಟಿ ತೋಟದವರಿಗೂ ಹೋಂಸ್ಟೇಯವರಿಗೂ ಕೊಡೋಣ ಎಂದು ತಮ್ಮ ಹೊರಟಿದ್ದಾನಲ್ಲ, ಆ ಯೋಚನೆ ನನಗೆ ಹಿಡಿಸಿದೆ. ಅವನು ಮಾಡಿಸಲು ಹೊರಟಿರುವ ವೆಬ್‌ಸೈಟ್ ಹಿಡಿಸಿಲ್ಲ. ಯಾಕೆ ಎಂದು ಬರೆಯುತ್ತೇನೆ, ನೀವಿಬ್ಬರೂ ಕೂತು ಓದಿ.

ಚಾಕಣದ ಕಡೆ ಫ್ಯಾಬ್ರಿಕೇಶನ್ ಶೆಡ್ ಇಟ್ಟುಕೊಂಡಿರುವ ಗೋಕಾಕದ ಕಾಕಾ ವಿಷಯ ಅಮ್ಮನಿಗೆ ಗೊತ್ತು. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಪರಿಚಯವಾದವರು. ಕೆಲಸಗಾರರ ಜೊತೆ ಮರಾಠಿ, ನನ್ನ ಜೊತೆ ಗೋಕಾಕದ ಕನ್ನಡ, ಸಿಟ್ಟು ಬಂದಾಗ ಎರಡೂ. ಮೊದಲು ಕಾರ್ಖಾನೆಗಳಿಗೆ ಸೈಟ್ ಆಫೀಸು, ಸೆಕ್ಯುರಿಟಿ ಕ್ಯಾಬಿನ್ ಮಾಡಿಕೊಡುತ್ತಿದ್ದರು. ಈಗ ಪುಣೆಯ ಸಾಫ್ಟ್‌ವೇರಿನವರು ಮುಳಶಿ, ಪಾನ್‌ಶೇತ್, ಮಾವಳದ ಕಡೆ ಹತ್ತು ಗುಂಟೆ ಹಿಡಿದು, ವಾರದ ಕೊನೆಗೆ ಹೋಗಿ ಇರಲು ಮನೆ ಕೇಳುತ್ತಾರೆ. ಕಾಕಾ ಕಬ್ಬಿಣದ ಚೌಕಟ್ಟಿನ ಮೇಲೆ ಮನೆಯನ್ನು ಶೆಡ್ಡಿನಲ್ಲೇ ಪೂರ್ತಿ ಮುಗಿಸಿ, ಟ್ರೇಲರ್ ಮೇಲೆ ಸಾಗಿಸಿ, ಕ್ರೇನಿನಲ್ಲಿ ಇಳಿಸಿ ಬರುತ್ತಾರೆ. ಅಮೆರಿಕದಲ್ಲಿ ಮನೆ ಕಟ್ಟಲು ಇರುವ ಮಾದರಿ ನಿಯಮಾವಳಿಯ 2018ರ ಆವೃತ್ತಿ, ಅಟ್ಟವನ್ನು ಬಿಟ್ಟು 400 ಚದರಡಿಯೊಳಗಿನದನ್ನು ‘ಟೈನಿ ಹೌಸ್’ ಎಂದು ಗುರುತಿಸಿತು. ಕಾಕಾ ಮಾಡುವುದು ಅದಕ್ಕಿಂತಲೂ ಚಿಕ್ಕದು. ಉದ್ದ 20 ಅಡಿ, ಅಗಲ 8 ಅಡಿ, ಹೆಚ್ಚುಕಡಿಮೆ ಹಡಗಿನ ಕಂಟೇನರಿನ ಅಳತೆ. ನಮ್ಮ ಮನೆಯ ಜಗಲಿಯೇ ಇದಕ್ಕಿಂತ ದೊಡ್ಡದು.

ಅವರಿಗೆ ಮೊದಲೇ ಒಂದು ವೆಬ್‌ಸೈಟ್ ಇತ್ತು. ತೆರೆದ ಕೂಡಲೇ ಡ್ರೋನ್ ವಿಡಿಯೊ, ಹಿನ್ನೆಲೆಯಲ್ಲಿ ಕೊಳಲು, ‘ನಿಮ್ಮ ಕನಸಿನ ಗೂಡು’ ಎಂಬ ಸಾಲು. ಫೋನ್ ದಿನವಿಡೀ ಹೊಡೆದುಕೊಳ್ಳುತ್ತಿತ್ತು, ಶೆಡ್ಡಿನಲ್ಲಿ ಮಾತ್ರ ಕೆಲಸವಿರಲಿಲ್ಲ. ಕರೆ ಮಾಡಿದವರು ಬೆಲೆ ಕೇಳುವರು, ಅಬ್ಬಾ ಎನ್ನುವರು, ಇಡುವರು. ಬೆಲೆ ಒಪ್ಪಿದವರ ಜಾಗಕ್ಕೆ ಟ್ರೇಲರ್ ಹೋಗುತ್ತಿರಲಿಲ್ಲ. ಟ್ರೇಲರ್ ಹೋಗುವ ಕಡೆ ಜಮೀನಿನ ಕಾಗದ ಸರಿ ಇರುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ಮನೆ ಕಟ್ಟಬಲ್ಲ ಶೆಡ್ಡಿಗೆ ಸಾವಿರ ಜನ ಬಂದು ನೋಡಿ ಹೋದರೆ ಏನು ಪ್ರಯೋಜನ? ಅಂಥವರ ವೆಬ್‌ಸೈಟ್ ಜರಡಿಯ ಕೆಲಸ ಮಾಡಬೇಕು. ಆಗದವರು ಅಲ್ಲಿಯೇ ಓದಿ, ಇದು ನಮಗಲ್ಲ ಎಂದು ಹೊರಟುಬಿಡಬೇಕು. ಉಳಿದವರು ಮಾತ್ರ ಫೋನ್ ಎತ್ತಬೇಕು. ಇದನ್ನು ಕಾಕಾಗೆ ಒಪ್ಪಿಸಲು ಸಾಕುಸಾಕಾಯಿತು. ವ್ಯಾಪಾರಕ್ಕೆ ಕೂತವನಿಗೆ ಗಿರಾಕಿಯನ್ನು ವಾಪಸು ಕಳಿಸು ಎಂದರೆ ಯಾರಿಗಾದರೂ ಮೈ ಉರಿಯುತ್ತದೆ.

ಅವರ ಹೊಸ ವೆಬ್‌ಸೈಟಿನ ಕೆಲಸವನ್ನು ಫೋಟೊಗಳಿಂದ ಶುರುಮಾಡಿದೆ. ಹಳೆಯದರಲ್ಲಿ ಇದ್ದವೆಲ್ಲ ಅಗಲ ಲೆನ್ಸಿನಲ್ಲಿ ಮೂಲೆಯಿಂದ ತೆಗೆದವು. 8 ಅಡಿಯ ಕೋಣೆ ಮದುವೆ ಹಾಲಿನಷ್ಟು ಕಾಣುತ್ತಿತ್ತು. ಅದನ್ನು ನಂಬಿ ಶೆಡ್ಡಿಗೆ ಬಂದವರ ಮುಖ ಬಾಗಿಲಲ್ಲೇ ಸಣ್ಣಗಾಗುತ್ತಿತ್ತು. ಎಲ್ಲವನ್ನೂ ತೆಗೆಸಿದೆ. ಎದೆಮಟ್ಟದಲ್ಲಿ ಕ್ಯಾಮೆರಾ ಹಿಡಿದು, ಪ್ರತಿ ಫೋಟೊದಲ್ಲಿ ಒಬ್ಬ ಮನುಷ್ಯ ಇರುವಂತೆ ಹೊಸದಾಗಿ ತೆಗೆಸಿದೆ. ಆರಡಿ ಎತ್ತರದ ವೆಲ್ಡರ್ ಒಬ್ಬನಿದ್ದಾನೆ. ಅವನನ್ನು ಅಟ್ಟದ ಹಾಸಿಗೆಯ ಮೇಲೆ ಕೂರಿಸಿದೆವು. ಅಟ್ಟದಲ್ಲಿ ತಲೆಯ ಮೇಲೆ ಸಿಗುವುದು ಮೂರಡಿ ಚಿಲ್ಲರೆ. ಅವನು ಕತ್ತು ಬಗ್ಗಿಸಿ, ಒಂದು ಕೈಯಲ್ಲಿ ಚಾವಣಿ ಹಿಡಿದು, ನಗಲೋ ಬೇಡವೋ ಎಂಬಂತೆ ಕೂತಿದ್ದಾನೆ. “ಇದನ್ನು ಹಾಕಿದರೆ ಯಾರು ಕೊಳ್ಳುತ್ತಾರೆ ತಂಗೀ?” ಎಂದು ಕಾಕಾ ಗೋಳಾಡಿದರು. ಮಲಗಲು ಮಾತ್ರ ಅಟ್ಟ ಹತ್ತುವವರು ಕೊಳ್ಳುತ್ತಾರೆ, ಮಂಡಿನೋವಿನ ತಾಯಿಯನ್ನು ಕರೆತರುವವರು ಕೆಳಗೆ ಮಂಚವಿರುವ ಮಾದರಿ ಕೇಳುತ್ತಾರೆ ಎಂದೆ. ಮೆಟ್ಟಿಲಿನ ಪ್ರತಿ ಹಂತದೊಳಗೆ ಒಂದೊಂದು ಡ್ರಾಯರ್ ಇದೆ. ಅದರ ಫೋಟೊ ಮಾತ್ರ ಹತ್ತಿರದಿಂದ, ಬಟ್ಟೆ ತುಂಬಿ, ಅರ್ಧ ಎಳೆದ ಹಾಗೆ ತೆಗೆಸಿದೆ. ಜನ ಹೆಚ್ಚು ಹೊತ್ತು ನಿಂತು ನೋಡುವುದು ಅದನ್ನೇ.

ಚೌಕಟ್ಟು ಎದ್ದಾಗ, ಗೋಡೆಯೊಳಗೆ ಶಾಖ ತಡೆಯುವ ಪಫ್ ಪ್ಯಾನೆಲ್ ಕೂರಿಸುವಾಗ, ವಯರಿಂಗ್ ಎಳೆದಾಗ ತೆಗೆದ ಫೋಟೊಗಳನ್ನೂ ಹಾಕಿದೆವು. ಏಪ್ರಿಲಿನಲ್ಲಿ ಪುಣೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ತಗಡಿನ ಮನೆಯೊಳಗೆ ಬೇಯುವುದಿಲ್ಲವೇ ಎಂಬುದು ಎಲ್ಲರ ಮನಸ್ಸಿನಲ್ಲಿ ಇರುವ ಪ್ರಶ್ನೆ. ಮುಚ್ಚಿದ ಮೇಲೆ ಕಾಣದಿರುವುದನ್ನು ಮುಚ್ಚುವ ಮೊದಲೇ ತೋರಿಸಿದರೆ ಅರ್ಧ ಅನುಮಾನ ಅಲ್ಲಿಗೇ ತೀರುತ್ತದೆ.

ಇನ್ನೊಂದು ಬಗೆಯ ಪ್ರಶ್ನೆಗಳಿವೆ, ಜನ ಕೇಳಲು ನಾಚುವಂಥವು. ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ? ಒಳಗೆ ವಾಸನೆ ಬರುತ್ತದೆಯೇ? ಮಳೆಗಾಲದಲ್ಲಿ ತಗಡಿನ ಮೇಲೆ ಎಷ್ಟು ಸದ್ದು? ಇವಕ್ಕೆ ಉತ್ತರ ಸಿಗದಿದ್ದರೆ ಮನುಷ್ಯ ಬೇರೆ ಏನೋ ನೆಪ ಹೇಳಿ ಜಾರಿಕೊಳ್ಳುತ್ತಾನೆ. ಆದ್ದರಿಂದ ಶೌಚಾಲಯಕ್ಕೆ ಒಂದು ಪುಟವನ್ನೇ ಮೀಸಲಿಟ್ಟೆ. ಸೆಪ್ಟಿಕ್ ಟ್ಯಾಂಕ್ ತೋಡಬಹುದಾದ ಜಾಗಕ್ಕೆ ಒಂದು ಚಿತ್ರ, ಇಲ್ಲದ ಕಡೆ, ಮಲವನ್ನು ಬ್ಯಾಕ್ಟೀರಿಯಾದಿಂದ ಕರಗಿಸುವ ಬಯೋ ಡೈಜೆಸ್ಟರ್ ಟ್ಯಾಂಕಿಗೆ ಇನ್ನೊಂದು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ, ರೈಲು ಬೋಗಿಗಳಲ್ಲಿ ಇರುವ ಬಯೋ ಶೌಚಾಲಯದ ತಂತ್ರವೇ ಅದು ಎಂದು ಒಂದು ಸಾಲು ಬರೆದೆ. ಮಳೆಯ ಸದ್ದಿಗೆ ಮುಳಶಿಯಲ್ಲಿ ನಿಂತಿರುವ ಮನೆಯೊಳಗೆ ಜುಲೈನಲ್ಲಿ ಚಿಕ್ಕ ವಿಡಿಯೊ ಮಾಡಿಸಿದೆವು. ಹಾಡು ಹಾಕಿ ಸದ್ದು ಮುಚ್ಚಿಬಿಡೋಣ ಎಂದರು ಕಾಕಾ. ನಾನು ಬಿಡಲಿಲ್ಲ. ತಡೆಯಲಾರದವರು ಚಾವಣಿಯ ಕೆಳಗೆ ಸದ್ದು ತಡೆಯುವ ರಾಕ್‌ವೂಲ್ ಹಾಕಿಸಿಕೊಳ್ಳಲಿ, ಅದಕ್ಕೆ ಬೇರೆ ದರ ಇದೆಯಲ್ಲ.

ಬೆಲೆಯ ವಿಷಯದಲ್ಲಿ ದೊಡ್ಡ ಜಗಳವಾಯಿತು. ಬೆಲೆ ಹಾಕಿದರೆ ಎದುರಾಳಿಗಳು ನೋಡುತ್ತಾರೆ ಎಂಬುದು ಅವರ ವಾದ. ಎದುರಾಳಿಗೆ ಬೆಲೆ ಬೇಕಿದ್ದರೆ ಗಿರಾಕಿಯ ವೇಷದಲ್ಲಿ ಫೋನ್ ಮಾಡುತ್ತಾನೆ, ಅಷ್ಟೇ. ಕೊನೆಗೆ ಪ್ರತಿ ಮಾದರಿಯ ಆರಂಭದ ಬೆಲೆ ಹಾಕಿದೆವು. ಅದರ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅದರಲ್ಲಿ ಸೇರದೇ ಇರುವುದು: ಟ್ರೇಲರ್ ಬಾಡಿಗೆ, ಎರಡೂ ಕಡೆಯ ಕ್ರೇನು, ಮನೆ ಕೂರಿಸುವ ಕಾಂಕ್ರೀಟ್ ಕಂಬಗಳು, ವಿದ್ಯುತ್ ಮತ್ತು ನೀರಿನ ಸಂಪರ್ಕ, ಜಿಎಸ್‌ಟಿ. ಕೊನೆಗೆ ಬಂದು ಕುತ್ತಿಗೆ ಹಿಡಿಯುವ ಖರ್ಚುಗಳೆಲ್ಲ ಇವೇ ಅಪ್ಪಾ.

ಹಳೆಯದರಲ್ಲಿ ‘ಚಕ್ರದ ಮೇಲಿನ ಮನೆಗೆ ಯಾವ ಪರವಾನಗಿಯೂ ಬೇಡ’ ಎಂದು ಬರೆದಿದ್ದರು. ಅದನ್ನು ಅಳಿಸದೆ ನಾನು ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದೆ. ಇಲ್ಲಿ ಜಮೀನು ಎನ್‌ಎ, ಅಂದರೆ ಕೃಷಿಯೇತರ, ಆಗಿದೆಯೇ ಕೃಷಿಯದೇ, ಅದು ಪುಣೆ ಮಹಾನಗರ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತದೆಯೇ ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ಕಟ್ಟುವವನು ತನ್ನ ವೆಬ್‌ಸೈಟಿನಲ್ಲಿ ಕಾನೂನಿನ ಭರವಸೆ ಕೊಡಬಾರದು. ಹೀಗೆಯೇ ಒಬ್ಬ ದಲ್ಲಾಳಿ ‘ಜಾಗ ಸಮೇತ ಮನೆ’ ಎಂಬ ಜಾಹೀರಾತನ್ನು ಇದೇ ವೆಬ್‌ಸೈಟಿಗೆ ತೂರಿಸಲು ನೋಡಿದ. ಬಡಾವಣೆ ಮಾಡಿ ನಿವೇಶನ ಮಾರುವವರು, ಜಾಗ 500 ಚದರ ಮೀಟರ್ ದಾಟಿದರೆ, ರಿಯಲ್ ಎಸ್ಟೇಟ್ ನಿಯಂತ್ರಣದ 2016ರ ರೇರಾ ಕಾಯ್ದೆಯಂತೆ ನೋಂದಣಿ ಮಾಡಿಸದೆ ಜಾಹೀರಾತು ಕೊಡುವಂತಿಲ್ಲ. ನೋಂದಣಿ ಸಂಖ್ಯೆ ಕೇಳಿದೆ, ಆಸಾಮಿ ಮತ್ತೆ ಫೋನ್ ಎತ್ತಲಿಲ್ಲ.

ವಿಚಾರಣೆಯ ಅರ್ಜಿಯಲ್ಲಿ ಹೆಸರು, ಫೋನು ಬಿಟ್ಟರೆ ಮೂರೇ ಪ್ರಶ್ನೆ. ಸಾತ್‌ಬಾರಾ, ಅಂದರೆ ನಮ್ಮ ಪಹಣಿ, ಯಾರ ಹೆಸರಿನಲ್ಲಿದೆ? ಡಾಂಬರು ರಸ್ತೆಯಿಂದ ನಿಮ್ಮ ಜಾಗದವರೆಗಿನ ದಾರಿಯ ವಿಡಿಯೊ ಕಳಿಸಬಲ್ಲಿರಾ? ಯಾವ ತಿಂಗಳಲ್ಲಿ ಬೇಕು? ದಾರಿಯ ವಿಡಿಯೊ ಬಂದರೆ ಕಾಕಾ ಕನ್ನಡಕ ಹಾಕಿಕೊಂಡು ಕೂರುತ್ತಾರೆ. ಜೋತುಬಿದ್ದ ವಿದ್ಯುತ್ ತಂತಿ, ಕಿರಿದಾದ ಮೋರಿ, ತಿರುವಿನಲ್ಲಿರುವ ಮಾವಿನ ಮರ ಎಲ್ಲವೂ ಅವರ ಕಣ್ಣಿಗೆ ಬೀಳುತ್ತವೆ. ಮೂರಕ್ಕೂ ಉತ್ತರ ಕೊಡುವಷ್ಟು ತಾಳ್ಮೆ ಇದ್ದವನಿಗೆ ಮನೆ ನಿಜವಾಗಿ ಬೇಕಾಗಿದೆ. ಕರೆಗಳು ಈಗ ಬಹಳ ಕಡಿಮೆಯಾಗಿವೆ. ಮೊದಮೊದಲು ಕಾಕಾ ಗಾಬರಿಯಾಗಿ, ಫೋನ್ ಕೆಟ್ಟಿದೆಯೇ ನೋಡು ಎಂದು ನನಗೇ ಫೋನ್ ಮಾಡುತ್ತಿದ್ದರು. ಈಗ ಬರುವವರು ಕಾಗದಪತ್ರ ಹಿಡಿದುಕೊಂಡೇ ಬರುತ್ತಾರೆ. ಶೆಡ್ಡಿನಲ್ಲಿ ಒಂದು ಮನೆ ಹೊರಡುವ ಮೊದಲೇ ಇನ್ನೊಂದರ ಚೌಕಟ್ಟಿನ ಕಬ್ಬಿಣ ಬಂದು ಬಿದ್ದಿರುತ್ತದೆ.

ತಾಂತ್ರಿಕ ಸಂಗತಿ ನಿಮಗೆ ಬೇಸರ, ತಮ್ಮನಿಗೆ ಬೇಕು. ಚುಟುಕಾಗಿ ಹೇಳುತ್ತೇನೆ. ಜನ ನೋಡುವುದು ಮೊಬೈಲಿನಲ್ಲಿ, ಅದೂ ಸಿಗ್ನಲ್ ಸರಿಯಾಗಿ ಸಿಗದ ತೋಟದಲ್ಲಿ ನಿಂತು. ಪುಟದ ಮುಖ್ಯ ಚಿತ್ರ ಎರಡೂವರೆ ಸೆಕೆಂಡಿನೊಳಗೆ ಮೂಡಬೇಕು ಎಂಬುದು ಗೂಗಲ್ ಹಾಕಿಕೊಂಡಿರುವ ಅಳತೆ. ಫೋನಿನಲ್ಲಿ ತೆಗೆದ ಫೋಟೊವನ್ನು ಇದ್ದ ಹಾಗೆಯೇ ಹಾಕಿದರೆ ಅದು ಆಗದ ಮಾತು. ವೆಬ್‌ಪಿ ಎಂಬ ಚಿತ್ರದ ರೂಪಕ್ಕೆ ಇಳಿಸಿ ಹಗುರ ಮಾಡಬೇಕು. ತಾನಾಗಿ ಓಡುವ ವಿಡಿಯೊ ಬೇಡವೇ ಬೇಡ. ಬೆಲೆಪಟ್ಟಿಯನ್ನು ಚಿತ್ರವಾಗಿ ಅಂಟಿಸದೆ ಯುನಿಕೋಡ್ ಅಕ್ಷರದಲ್ಲಿ ಬರೆದರೆ ಹುಡುಕುವವರಿಗೆ ಸಿಗುತ್ತದೆ. ಕಾಕಾಗೆ ಮರಾಠಿ, ಇಂಗ್ಲಿಷ್ ಎರಡರಲ್ಲೂ ಮಾಡಿದೆ. ನಿಮಗೆ ಕನ್ನಡ ಮೊದಲು, ಬೆಂಗಳೂರಿನವರಿಗೆಂದು ಇಂಗ್ಲಿಷ್ ಜೊತೆಗೆ. ವಾಟ್ಸ್‌ಆ್ಯಪ್ ಗುಂಡಿ ಪ್ರತಿ ಪುಟದ ಕೆಳಗೂ ಇರಲಿ.

ಈಗ ತಮ್ಮ ಕಳಿಸಿದ ವೆಬ್‌ಸೈಟ್ ಮಾದರಿಯ ವಿಷಯ. ಅದರಲ್ಲಿರುವ ಮನೆಗಳು ಯಾವುದೋ ಹಿಮದ ನಾಡಿನವು, ಹಿಂದೆ ಪೈನ್ ಮರಗಳು. ಒಂದಕ್ಕಂತೂ ಚಪ್ಪಟೆ ಚಾವಣಿ. ಮಲೆನಾಡಿನ ನಮ್ಮ ಸಾಗರದ ಮಳೆಗೆ ಚಪ್ಪಟೆ ಚಾವಣಿಯ ಮರದ ಮನೆ! ನೋಡಿದ ತೋಟದವರು ನಕ್ಕು ಮುಂದೆ ಹೋಗುತ್ತಾರೆ. ಬೇರೆಯವರ ಫೋಟೊವನ್ನು ಕೇಳದೆ ಬಳಸುವುದು ಕೃತಿಸ್ವಾಮ್ಯದ ಉಲ್ಲಂಘನೆ ಬೇರೆ. ನಮ್ಮ ಕಡೆಯವರ ಮೊದಲ ಪ್ರಶ್ನೆ ಗೆದ್ದಲು. ಎರಡನೆಯದು ಮಳೆಯ ಇರಚಲು. ಮೂರನೆಯದು ಮರ ಎಲ್ಲಿಯದು. ಇಳಿಜಾರಿನ ಮಾಡು, ಗೋಡೆ ದಾಟಿ ಹೊರಚಾಚಿದ ಹಂಚು, ನೆಲದಿಂದ ಮೇಲೆತ್ತಿದ ಕಲ್ಲಿನ ಕಂಬ ಇವನ್ನು ತೋರಿಸಿ. ಅರಣ್ಯ ಇಲಾಖೆಯ ಡಿಪೋ ಹರಾಜಿನಲ್ಲಿ ಕೊಂಡ ಮರ, ರಸೀದಿ ಇದೆ ಎಂದು ಬರೆಯಿರಿ. ನೀವು ಮೊಳೆ ಹೊಡೆಯದೆ ಕೂಡಿಸುವ ಸಂದು ಇದೆಯಲ್ಲ, ಅದರ ಫೋಟೊವನ್ನು ಅಂಗೈ ಪಕ್ಕದಲ್ಲಿಟ್ಟು ತೆಗೆಯಲು ಹೇಳಿ. ‘30 ವರ್ಷಗಳ ಅನುಭವ’ ಎಂದು ಎಲ್ಲರೂ ಬರೆದುಕೊಳ್ಳುತ್ತಾರೆ, ಆ ಸಂದನ್ನು ಎಲ್ಲರೂ ತೋರಿಸಲಾರರು. ಮನೆ ಕೂರಿಸುವ ಜಾಗಕ್ಕೆ ಭೂ ಪರಿವರ್ತನೆ, ಪಂಚಾಯಿತಿ ಒಪ್ಪಿಗೆ ಎಲ್ಲ ಜಾಗದ ಮಾಲೀಕರೇ ನೋಡಿಕೊಳ್ಳಬೇಕು ಎಂಬುದೂ ಸ್ಪಷ್ಟವಾಗಿ ಇರಲಿ, ಇಲ್ಲದಿದ್ದರೆ ಆ ಓಡಾಟವೂ ನಿಮ್ಮ ತಲೆಗೇ ಬರುತ್ತದೆ.

ವೆಬ್‌ಸೈಟ್ ಮಾಡಿಕೊಡುವ ಶಿವಮೊಗ್ಗದವರಿಗೆ ಮುಂಗಡ ಕೊಡುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ವೆಬ್‌ಸೈಟಿನ ವಿಳಾಸ, ಅಂದರೆ ಡೊಮೇನ್, ನಿಮ್ಮ ಹೆಸರಿನಲ್ಲಿ, ಮನೆಯವರ ಇಮೇಲಿನಿಂದಲೇ ನೋಂದಣಿಯಾಗಬೇಕು. ಕಾಕಾ ಅವರ ಹಳೆಯ ವೆಬ್‌ಸೈಟ್ ಮಾಡಿದವರು ಅದನ್ನು ತಮ್ಮ ಹೆಸರಿಗೇ ಬರೆಸಿಕೊಂಡಿದ್ದರು. ಬಿಡಿಸಿಕೊಳ್ಳಲು ಆಗದೆ ಹೊಸ ಹೆಸರು ತೆಗೆದುಕೊಳ್ಳಬೇಕಾಯಿತು. ಬೋರ್ಡು, ಬಿಲ್ ಪುಸ್ತಕ, ಟ್ರೇಲರಿನ ಹಿಂದೆ ಬರೆಸಿದ್ದು ಎಲ್ಲವೂ ದಂಡ. ನವೀಕರಣದ ನೆನಪೋಲೆ ಬರುವ ಇಮೇಲು ತಮ್ಮನದಿರಲಿ, ಪಾಸ್‌ವರ್ಡ್ ನಿಮ್ಮ ಲೆಕ್ಕದ ಪುಸ್ತಕದಲ್ಲೂ ಬರೆದಿರಲಿ.

ಅದಕ್ಕಿಂತ ಮೊದಲು ಒಂದು ಮನೆ ಕಟ್ಟಿ ನಿಲ್ಲಿಸಿ. ನಮ್ಮ ಹಿತ್ತಿಲಿನಲ್ಲಿ ಆದರೂ ಸರಿ. ಕಟ್ಟುವಾಗ ದಿನಕ್ಕೊಂದರಂತೆ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯಲು ತಮ್ಮನಿಗೆ ಹೇಳಿ. ಫೋನ್ ಅಡ್ಡ ಹಿಡಿಯಲಿ, ಬೆಳಗಿನ ಬೆಳಕಿನಲ್ಲಿ ತೆಗೆಯಲಿ, ಬಣ್ಣ ತಿದ್ದಲು ಹೋಗದಿರಲಿ. ಅವು ಬಂದರೆ ವೆಬ್‌ಸೈಟನ್ನು ನಾನೇ ರಾತ್ರಿ ಕೂತು ಮಾಡಿಕೊಡುತ್ತೇನೆ, ಶಿವಮೊಗ್ಗದವರಿಗೆ ಕೊಡುವ ಮುಂಗಡದಲ್ಲಿ ಮರ ತನ್ನಿ. ತಮ್ಮನಿಗೆ ಸಿಟ್ಟು ಬಂದರೆ ನೇರ ನನಗೇ ಫೋನ್ ಮಾಡಲಿ, ಭಾನುವಾರ ಮನೆಯಲ್ಲೇ ಇರುತ್ತೇನೆ.

ಇಂತಿ,
ನಿಮ್ಮ ಮಗಳು