ಇಲಿಗೆ ಔಷಧಿ ಕುಡಿಸಲು ಕಲಿಸಿದ ಅಕ್ಕನಿಗೆ ಥ್ಯಾಂಕ್ಸ್

ನಮ್ಮ ಸಾಕು ಇಲಿ ಚಿಂಟುವಿನ ಕಣ್ಣ ಸುತ್ತ ಕೆಂಪಗೆ ಏನೋ ಅಂಟಿತ್ತು. ತಲೆ ಒಂದೇ ಕಡೆ ವಾಲಿ, ನಡೆದರೆ ಗಿರ್ರನೆ ಸುತ್ತುತ್ತಿತ್ತು. ಬೆಂಗಳೂರಲ್ಲೂ ಇಲಿ ನೋಡುವ ಡಾಕ್ಟರ್ ಸುಲಭಕ್ಕೆ ಸಿಗಲ್ಲ. ಕೊನೆಗೆ ಸಿಕ್ಕ ಕ್ಲಿನಿಕ್ಕಿನಲ್ಲಿ ಸಹಾಯಕ್ಕಿದ್ದ ಅಕ್ಕ ಒದ್ದೆ ಹತ್ತಿಯಿಂದ ಕಣ್ಣು ಒರೆಸುತ್ತಾ, "ಇದು ರಕ್ತ ಅಲ್ಲ ಮೇಡಂ, ಪಾರ್ಫಿರಿನ್ ಅನ್ನೋ ಕೆಂಪು ಬಣ್ಣದ ಸ್ರಾವ, ಹುಷಾರಿಲ್ಲದಾಗ ಇಲಿಗಳಿಗೆ ಹೀಗೆ ಜಾಸ್ತಿ ಬರುತ್ತೆ" ಎಂದರು. ಅಬ್ಬಾ, ಅರ್ಧ ಜೀವ ಬಂತು. ಡಾಕ್ಟರ್ ಕಿವಿಯೊಳಗಿನ ಸೋಂಕು ಎಂದು ಆಂಟಿಬಯಾಟಿಕ್ ಬರೆದರು. ಆದರೆ ಕುಡಿಸುವುದು ಹೇಗೆ? ಆ ಅಕ್ಕನೇ ಚಿಂಟುವನ್ನು ಟವೆಲ್ಲಿನಲ್ಲಿ ಸುತ್ತಿ, ಸೂಜಿ ಇಲ್ಲದ ಸಿರಿಂಜನ್ನು ಬಾಯಿಯ ಪಕ್ಕದಿಂದ ಇಟ್ಟು ಹನಿ ಹನಿಯಾಗಿ ಬಿಟ್ಟು ತೋರಿಸಿದರು, ಆಮೇಲೆ ನನ್ನ ಕೈಯಲ್ಲೂ ಮಾಡಿಸಿದರು. ಗೂಡಿನೊಳಗೆ ಎತ್ತರದಲ್ಲಿರೋ ತಟ್ಟೆ ತೆಗೆದುಬಿಡಿ, ಇಲಿ ಅಲ್ಲಿಂದ ಬಿದ್ದುಬಿಡುತ್ತೆ ಅಂತಲೂ ಹೇಳಿದರು. ತಲೆ ಇನ್ನೂ ಸ್ವಲ್ಪ ಓರೆ, ಆದರೆ ಚಿಂಟು ಚೆನ್ನಾಗಿ ತಿನ್ನುತ್ತಿದ್ದಾನೆ. ಹೆಸರು ಗೊತ್ತಿಲ್ಲ ಅಕ್ಕಾ, ತುಂಬಾ ಥ್ಯಾಂಕ್ಸ್.