ಹೆಸರುಗಳಿಗೆ ಇಂಗ್ಲಿಷಿನ ಸುತ್ತುದಾರಿ ಏಕೆ?

ಮಾನ್ಯ ಸಂಪಾದಕರಿಗೆ,

2024ರ ಸೆಪ್ಟೆಂಬರಿನಲ್ಲಿ ಶ್ರೀಲಂಕಾದ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡವರ ಹೆಸರು ನಮ್ಮ ಕನ್ನಡ ಪತ್ರಿಕೆಗಳಲ್ಲಿ ಅಂದಿನಿಂದಲೂ ದಿಸ್ಸನಾಯಕೆ, ದಿಸ್ಸಾನಾಯಕೆ, ಡಿಸ್ಸನಾಯಕೆ ಎಂದು ಬಗೆಬಗೆಯಾಗಿ ಅಚ್ಚಾಗುತ್ತಿದೆ. ಸಿಂಹಳದಲ್ಲಿ ಅದನ್ನು ಬರೆಯುವುದು ಅನುರ ಕುಮಾರ ದಿಸಾನಾಯಕ ಎಂದು. ಇದನ್ನು ಇದ್ದ ಹಾಗೆಯೇ ಬರೆಯಲು ಕನ್ನಡ ಲಿಪಿಯಲ್ಲಿ ಯಾವ ಅಕ್ಷರದ ಕೊರತೆಯೂ ಇಲ್ಲ, ಓದಲು ಕನ್ನಡಿಗರಿಗೆ ಯಾವ ತೊಡಕೂ ಇಲ್ಲ. ಆದರೂ ನಮ್ಮ ಓದುಗರ ಕೈಸೇರುವಷ್ಟರಲ್ಲಿ ಅನುರ ಎಂಬುದು ಅನುರಾ ಆಗಿ, ನಾಯಕರು ನಾಯಕೆ ಆಗಿರುತ್ತಾರೆ. ಹೊರಭಾಷೆಗಳ ಹೆಸರುಗಳನ್ನು ಬರೆಯುವ ಕ್ರಮದ ಬಗ್ಗೆ ನಮ್ಮ ಸುದ್ದಿಮನೆಗಳು ಇನ್ನಷ್ಟು ಎಚ್ಚರ ವಹಿಸಬೇಕೆಂಬ ಕೋರಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಶ್ರೀಲಂಕಾದ ಉದಾಹರಣೆಯನ್ನೇ ಇನ್ನೂ ಸ್ವಲ್ಪ ಮುಂದುವರಿಸುವುದಾದರೆ, ಅಲ್ಲಿನ ಹಿಂದಿನ ಅಧ್ಯಕ್ಷರನ್ನು ನಾವು ವರ್ಷಗಟ್ಟಲೆ ವಿಕ್ರಮಸಿಂಘೆ ಎಂದು ಬರೆದೆವು. ಸಿಂಹಳದಲ್ಲಿ ಅವರು ರನಿಲ್ ವಿಕ್ರಮಸಿಂಹ. ಅವರಿಗಿಂತ ಮೊದಲಿನವರು ನಮ್ಮಲ್ಲಿ ರಾಜಪಕ್ಸ, ಕೆಲವು ಪುಟಗಳಲ್ಲಿ ರಾಜಪಕ್ಸೆ. ಅಲ್ಲಿ ಬರೆಯುವುದು ರಾಜಪಕ್ಷ ಎಂದು, ನಮ್ಮದೇ ಕ್ಷಕಾರದಂಥ ಒತ್ತಕ್ಷರದಿಂದ. ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾಗಿ 1960ರಲ್ಲಿ ಅಧಿಕಾರಕ್ಕೆ ಬಂದ ಸಿರಿಮಾವೊ ಅವರ ಮನೆತನದ ಹೆಸರು ಬಂಡಾರನಾಯಕ. ಅದರ ಕೊನೆಯಲ್ಲಿ ನಾವು ಕೂಡಿಸುವ ಏಕಾರ ಇಂಗ್ಲಿಷ್ ಆಳ್ವಿಕೆಯ ಕಾಲದ ಕಾಗುಣಿತದಿಂದ ಬಂದದ್ದು. ಕ್ರಿಕೆಟಿಗ ಮಹೇಲ ಜಯವರ್ಧನ ನಮ್ಮ ಕ್ರೀಡಾಪುಟದಲ್ಲಿ ಜಯವರ್ಧನೆ ಆದದ್ದೂ ಇದೇ ದಾರಿಯಲ್ಲಿ. ವಿಕ್ರಮಸಿಂಹ, ರಾಜಪಕ್ಷ, ಜಯವರ್ಧನ ಎಂಬ ಹೆಸರುಗಳನ್ನು ಕಂಡೊಡನೆ ಕನ್ನಡದ ಓದುಗನಿಗೆ ಅವು ತನಗೆ ಗೊತ್ತಿರುವ ಮಾತುಗಳೇ ಎಂಬ ಅರಿವು ತಾನಾಗಿ ಮೂಡುತ್ತದೆ. ಸಮುದ್ರದಾಚೆಯ ನೆರೆಯ ದೇಶವೊಂದರ ಜೊತೆಗೆ ಇರುವ ಈ ಸಹಜ ಪರಿಚಯವನ್ನು ನಾವೇ ಮುಚ್ಚಿಡುತ್ತಿದ್ದೇವೆ.

ಇದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವುದೇ. ಸುದ್ದಿಸಂಸ್ಥೆಗಳ ವರದಿ ಇಂಗ್ಲಿಷಿನಲ್ಲಿ ಬರುತ್ತದೆ, ರಾತ್ರಿ ಪುಟ ಮುಗಿಸುವ ಗಡಿಬಿಡಿಯಲ್ಲಿರುವ ಉಪಸಂಪಾದಕರು ರೋಮನ್ ಅಕ್ಷರಗಳನ್ನು ನೋಡಿ ಊಹೆಯಿಂದ ಕನ್ನಡಿಸುತ್ತಾರೆ. ರೋಮನ್ ಲಿಪಿಯಲ್ಲಿರುವುದು 26 ಅಕ್ಷರ. ನಾವು ದಿನನಿತ್ಯ ಬರೆಯುವ ಇಂಗ್ಲಿಷ್ ಕಾಗುಣಿತದಲ್ಲಿ ತಕಾರ ಟಕಾರಗಳಿಗೆ, ನಕಾರ ಣಕಾರಗಳಿಗೆ, ಲಕಾರ ಳಕಾರಗಳಿಗೆ ಭೇದ ಉಳಿಯುವುದಿಲ್ಲ, ಹ್ರಸ್ವ ದೀರ್ಘಗಳ ಗುರುತೂ ಇರುವುದಿಲ್ಲ. ಮರಾಠಿ ಹೆಸರು ಕನ್ನಡಕ್ಕೆ ಬರುವಾಗ ಈ ನಷ್ಟ ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ಇಂಗ್ಲಿಷಿನಲ್ಲಿ ಕಳೆದುಹೋಗುವ ಆ ಅಕ್ಷರಗಳೆಲ್ಲ ಮರಾಠಿಯಲ್ಲೂ ಇವೆ, ಕನ್ನಡದಲ್ಲೂ ಇವೆ. ಅಜಿಂಕ್ಯ ರಹಾಣೆ ನಮ್ಮಲ್ಲಿ ರಹಾನೆ ಆಗುತ್ತಾರೆ. ಲೋಣಾವಳಾ ಲೋನಾವಾಲ ಆಗುತ್ತದೆ, ಜಳಗಾವ ಜಲಗಾಂವ್ ಆಗುತ್ತದೆ, ಫಡಣವೀಸ ಎಂಬ ಹೆಸರಿನ ಣಕಾರ ಪುಟದಿಂದ ಪುಟಕ್ಕೆ ಕಾಣಿಸಿಕೊಂಡು ಮಾಯವಾಗುತ್ತದೆ. ಗಾವಸ್ಕರರ ಹೆಸರಿನಲ್ಲಿ ಮೊದಲ ಅಕ್ಷರದ ದೀರ್ಘ ಎರಡನೆಯದಕ್ಕೆ ಜಾರಿ ಅವರು ಗವಾಸ್ಕರ್ ಆದದ್ದಂತೂ ಎಷ್ಟು ಹಳೆಯ ಕಥೆಯೆಂದರೆ, ಅವರ ಆಟವನ್ನು ಕಣ್ಣಾರೆ ಕಂಡವರ ಮೊಮ್ಮಕ್ಕಳೂ ಈಗ ಹಾಗೆಯೇ ಹೇಳುತ್ತಾರೆ. 1853ರ ಏಪ್ರಿಲ್ 16ರಂದು ಬೋರಿ ಬಂದರದಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ತಲುಪಿದ ಊರು ಠಾಣೆ. ಆ ನಿಲ್ದಾಣದ ದೇವನಾಗರಿ ಫಲಕದಲ್ಲಿ ಠಕಾರ ಎದ್ದು ಕಾಣುತ್ತಿದ್ದರೂ ನಮ್ಮ ಪುಟಗಳಲ್ಲಿ ಅದು ಹಲವು ಸಲ ಥಾಣೆ. ನಾನಿರುವ ಬೆಳಗಾವಿಯಲ್ಲಿ ಟಿಳಕವಾಡಿ ಎಂಬ ಬಡಾವಣೆಯಿದೆ. ಇಲ್ಲಿಯವರು ಅದನ್ನು ಹಾಗೆ ಬರೆಯಲು ಯಾರ ಸಲಹೆಯನ್ನೂ ಕೇಳಲಿಲ್ಲ, ಕಿವಿಗೆ ಬಿದ್ದಂತೆ ಬರೆದರು, ಮರಾಠಿಯ ಟಕಾರ ಳಕಾರಗಳೆರಡೂ ಉಳಿದವು.

ಇಂಗ್ಲಿಷಿನ ಮೂಲಕ ಬರುವ ಹೆಸರುಗಳಲ್ಲಿ ಅತಿ ಹೆಚ್ಚು ದುರುಪಯೋಗಕ್ಕೆ ಗುರಿಯಾಗಿರುವ ಅಕ್ಷರ ಝ. ತಮಿಳು ಮಲಯಾಳಗಳಲ್ಲಿ ಇಂದಿಗೂ ಬಳಕೆಯಲ್ಲಿರುವ, ಹಳಗನ್ನಡದಲ್ಲಿ ನಮಗೂ ಇದ್ದ ೞ ಎಂಬ ಧ್ವನಿಯನ್ನು ಇಂಗ್ಲಿಷಿನಲ್ಲಿ ಝಡ್ ಮತ್ತು ಎಚ್ ಸೇರಿಸಿ ಸೂಚಿಸುವ ರೂಢಿಯಿದೆ. ಅದು ಬರಿಯ ಸಂಕೇತ, ಉಚ್ಚಾರವಲ್ಲ. ಈ ಸಂಕೇತವನ್ನು ಅಕ್ಷರಶಃ ನಂಬಿದವರು ಆಲಪ್ಪುಳವನ್ನು ಆಲಪ್ಪುಝ ಎಂದೂ ಕನಿಮೊಳಿ ಅವರನ್ನು ಕನಿಮೋಝಿ ಎಂದೂ ಬರೆಯುತ್ತಾರೆ. ಕೇರಳದವರಾಗಲಿ ತಮಿಳರಾಗಲಿ ಹೀಗೆ ಹೇಳುವುದನ್ನು ಯಾರೂ ಕೇಳಿರಲಾರರು. ಕನ್ನಡದಲ್ಲಿ ೞ ಬಹಳ ಹಿಂದೆಯೇ ಳಕಾರದೊಡನೆ ಬೆರೆತುಹೋಗಿ ಮೞೆ ಎಂಬುದು ಮಳೆ ಆಯಿತು. ಅದೇ ಪ್ರಕಾರ ನಾವು ಚೋಳ ಎಂದೆವು, ಪಳನಿ ಎಂದೆವು, ತಮಿಳು ಎಂದೆವು. ಪಳನಿಗೆ ಹರಕೆ ಹೊತ್ತು ಹೋಗಿ ಬಂದ ಭಕ್ತರು ಊರಿನ ಹೆಸರನ್ನು ಕಿವಿಯಿಂದ ತಂದದ್ದರಿಂದ ಅದು ಪಝನಿ ಆಗಲಿಲ್ಲ. ಹೀಗೆ ಸಾಲು ಸಾಲು ಪೂರ್ವೋದಾಹರಣೆಗಳಿರುವಾಗ ಕನಿಮೊಳಿ ಎಂದು ಬರೆಯಲು ಹೊಸ ನಿಯಮವೇನೂ ಬೇಕಾಗಿಲ್ಲ. (ಈ ಅಕ್ಷರದ ಗ್ರಹಚಾರ, ಕಂಪ್ಯೂಟರುಗಳು ಅಕ್ಷರಗಳನ್ನು ಗುರುತಿಸಲು ಬಳಸುವ ಯೂನಿಕೋಡ್‌ನಲ್ಲೂ ಮುಗಿದಿಲ್ಲ. ಅಲ್ಲಿ ೞಕಾರಕ್ಕೆ ತಪ್ಪಾಗಿ ‘ಫಾ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬ ಕಟ್ಟುಪಾಡಿನಿಂದಾಗಿ ಅದು ಹಾಗೆಯೇ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದು ಮಾತ್ರ ಸೇರಿದೆ.) ಇನ್ನೂ ವಿಚಿತ್ರವೆಂದರೆ, ಮೂಲದಲ್ಲಿಯೇ ಝಕಾರವಿರುವ ಝಾರಖಂಡ ರಾಜ್ಯವನ್ನು ನಾವು ಜಾರ್ಖಂಡ್ ಎಂದು ಬರೆಯುತ್ತೇವೆ. ಬೇಕಾದಲ್ಲಿ ಇಲ್ಲದ ಝ ಬೇಡದಲ್ಲಿ ಧಾರಾಳವಾಗಿ ಬಂದು ಕೂರುತ್ತದೆ.

ದೂರದೇಶಗಳ ಹೆಸರುಗಳ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಸಾಧ್ಯವಿಲ್ಲವೆಂಬುದನ್ನು ಬಲ್ಲೆ. ಆದರೂ ಇಂಗ್ಲಿಷಿನವರಿಗೆ ಇಲ್ಲದ ಅನುಕೂಲ ನಮಗಿರುವ ಕಡೆಯಲ್ಲಾದರೂ ಅದನ್ನು ಬಳಸಿಕೊಳ್ಳಬಹುದು. ರಷ್ಯನ್ ಭಾಷೆಯ ತಕಾರ ನಮ್ಮ ತಕಾರದಂತೆ ಹಲ್ಲಿಗೆ ನಾಲಿಗೆ ತಾಗಿಸಿ ನುಡಿಯುವಂಥದ್ದು. ಹಿಂದಿ ಪತ್ರಿಕೆಗಳು ಅದಕ್ಕೆ ತಕ್ಕಂತೆ ಪುತಿನ್ ಎಂದು ಬರೆಯುತ್ತವೆ, ನಾವು ಪುಟಿನ್ ಎನ್ನುತ್ತೇವೆ. ಉಕ್ರೇನಿನ ಅಧ್ಯಕ್ಷರ ಮೊದಲ ಹೆಸರಾದ ವೊಲೊದಿಮಿರ್ ಎಂಬುದರಲ್ಲಿ ಇರುವುದು ದಕಾರ, ನಾವು ಹಾಕುವುದು ಡಕಾರ. ಚೀನೀ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯಲು ಚೀನಾ 1958ರಲ್ಲಿ ಅಂಗೀಕರಿಸಿದ ಪಿನ್‌ಯಿನ್ ಪದ್ಧತಿಯಲ್ಲಿ ರೋಮನ್ ಅಕ್ಷರಗಳಿಗೆ ಇಂಗ್ಲಿಷಿನ ಬೆಲೆಯೇ ಇಲ್ಲ. ಅಲ್ಲಿ ಎಕ್ಸ್ ಅಕ್ಷರ ಶಕಾರಕ್ಕೆ ಹತ್ತಿರ, ಕ್ಯೂ ಅಕ್ಷರ ಚಕಾರಕ್ಕೆ ಹತ್ತಿರ. ಚೀನಾದ ಅಧ್ಯಕ್ಷರು 2014ರಲ್ಲಿ ಭಾರತಕ್ಕೆ ಬಂದಿದ್ದಾಗ ದೂರದರ್ಶನದ ವಾರ್ತಾವಾಚಕರೊಬ್ಬರು ಎಕ್ಸ್, ಐ ಎಂಬ ಎರಡು ಅಕ್ಷರಗಳಲ್ಲಿ ಬರೆಯುವ ಅವರ ಮನೆತನದ ಹೆಸರನ್ನು ರೋಮನ್ ಅಂಕಿಯೆಂದು ಭಾವಿಸಿ ‘ಇಲೆವೆನ್’ ಎಂದು ಓದಿ ಕೆಲಸ ಕಳೆದುಕೊಂಡರು, ದೇಶವೆಲ್ಲ ನಕ್ಕಿತು. ಶಿ ಎಂದಾಗಬೇಕಾದ ಅದೇ ಹೆಸರನ್ನು ಕ್ಸಿ ಎಂದು ಬರೆಯುವವರು ಈಗಲೂ ಇದ್ದಾರೆ, ಅದಕ್ಕೆ ಯಾರೂ ನಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಎಲ್ಲ ಹೆಸರುಗಳನ್ನೂ ಮೂಲದಂತೆಯೇ ಬರೆಯಬೇಕೆಂದರೆ ಕಲ್ಲಿಕೋಟೆ, ಸೊಲ್ಲಾಪುರ, ಪ್ಯಾರಿಸ್ ಇವೆಲ್ಲ ತಪ್ಪೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ಕಲ್ಲಿಕೋಟೆ ಎಂಬುದು ತಲೆಮಾರುಗಳಿಂದ ಕನ್ನಡಿಗರ ಬಾಯಲ್ಲಿ ಬಳಕೆಯಾದ ಹೆಸರು. ಸಿದ್ಧರಾಮನ ಊರಾದ ಸೊನ್ನಲಿಗೆಯನ್ನು ನಾವು ಸೊಲ್ಲಾಪುರ ಎನ್ನುವುದಕ್ಕೆ ಮರಾಠಿಗರ ಅಪ್ಪಣೆ ಬೇಕಾಗಿಲ್ಲ. ಅವು ಕನ್ನಡದ ಸ್ವತ್ತು. ನಾನು ಹೇಳುತ್ತಿರುವುದು ಇಂಥ ರೂಢನಾಮಗಳ ಬಗ್ಗೆಯಲ್ಲ, ನಿನ್ನೆ ಮೊನ್ನೆ ಸುದ್ದಿಗೆ ಬಂದು, ತಪ್ಪು ಓದಿನಿಂದ ಮಾತ್ರವೇ ಆಕಾರ ಪಡೆದ ಹೆಸರುಗಳ ಬಗ್ಗೆ. ಇನ್ನು, ಬರಹವನ್ನು ಅನುಸರಿಸಬೇಕೇ ಉಚ್ಚಾರವನ್ನೇ ಎಂಬ ಪ್ರಶ್ನೆ ಇದಕ್ಕಿಂತ ಕಠಿಣ. ಬಂಗಾಳಿಗಳು ನುಡಿಯುವಂತೆ ಬರೆಯಹೊರಟರೆ ರವೀಂದ್ರನಾಥರ ಹೆಸರು ಗುರುತೇ ಸಿಗದಂತಾದೀತು. ಬ್ಯಾಂಕಾಕಿನ ವಿಮಾನ ನಿಲ್ದಾಣದ ಹೆಸರನ್ನು ಥಾಯ್ ಜನರು ಬೇರೆಯೇ ರೀತಿ ಉಚ್ಚರಿಸಿದರೂ ಬರಹದಲ್ಲಿ ಅದು ಸುವರ್ಣಭೂಮಿ. ಬ್ರಾಹ್ಮೀ ಲಿಪಿಯ ಸಂತತಿಗೆ ಸೇರಿದ ಭಾಷೆಗಳಲ್ಲಿ ಬರಹವನ್ನೂ ಉಳಿದ ಭಾಷೆಗಳಲ್ಲಿ ಉಚ್ಚಾರಕ್ಕೆ ಹತ್ತಿರದ ರೂಪವನ್ನೂ ಅನುಸರಿಸುವುದು ನನಗೆ ಸರಿಯೆನಿಸುತ್ತದೆ. ಬಲ್ಲವರು ಬೇರೆ ಸೂತ್ರ ಹೇಳಿದರೆ ಅದೂ ಆಗಬಹುದು, ಒಂದು ಸೂತ್ರ ಇದ್ದರೆ ಸಾಕು.

ಹೆಸರಿನ ವಿಷಯದಲ್ಲಿ ಕನ್ನಡಿಗರೇನೂ ಉದಾಸೀನರಲ್ಲ. 2014ರ ರಾಜ್ಯೋತ್ಸವದಂದು ಬೆಂಗಳೂರು ಸೇರಿದಂತೆ 12 ನಗರಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದಂತೆಯೇ ಬರೆಯುವ ಕ್ರಮ ಜಾರಿಗೆ ಬಂತು. ಅದಾದ ಮೇಲೂ ಹಿಂದಿ ವಾಹಿನಿಗಳು ಹುಬಲಿ, ಬೆಲಗಾಮ್ ಎಂದಾಗ ನಮಗೆ ಸಿಟ್ಟು ಬರುತ್ತದೆ. ಕಾಸರಗೋಡು ಜಿಲ್ಲೆಯ ಕನ್ನಡ ಊರುಗಳ ಹೆಸರನ್ನು ಮಲಯಾಳೀಕರಿಸಲಾಗುತ್ತಿದೆ ಎಂಬ ಸುದ್ದಿ 2021ರಲ್ಲಿ ಹಬ್ಬಿದಾಗ ಕರ್ನಾಟಕದಲ್ಲಿ ಪಕ್ಷಭೇದವಿಲ್ಲದೆ ಅಸಮಾಧಾನ ವ್ಯಕ್ತವಾಯಿತು, ಅಂಥ ಪ್ರಸ್ತಾಪವಿಲ್ಲವೆಂದು ಕೇರಳ ಸರ್ಕಾರ ಸ್ಪಷ್ಟನೆ ಕೊಡಬೇಕಾಯಿತು. ಆಲಪ್ಪುಳದವರಿಗೂ ಜಳಗಾವದವರಿಗೂ ತಮ್ಮ ಊರಿನ ಹೆಸರಿನ ಮೇಲೆ ಇಷ್ಟೇ ಅಭಿಮಾನವಿದೆ. ಅವರು ಕನ್ನಡ ಪತ್ರಿಕೆ ಓದುವುದಿಲ್ಲವಾದ್ದರಿಂದ ದೂರು ಬರುತ್ತಿಲ್ಲ, ಅಷ್ಟೇ. ಮರಾಠಿಗೆ ಹ್ರಸ್ವ ಎಕಾರ ಒಕಾರಗಳಿಲ್ಲ, ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ಅವರ ಕೆಲವು ತಪ್ಪುಗಳಿಗೆ ಲಿಪಿಯ ಮಿತಿಯಾದರೂ ನೆಪವಿದೆ. ಮೇಲೆ ಹೇಳಿದ ಹೆಸರುಗಳಲ್ಲಿ ಹೆಚ್ಚಿನವುಗಳ ವಿಷಯದಲ್ಲಿ ನಮಗೆ ಆ ನೆಪವೂ ಇಲ್ಲ.

ಮನಸ್ಸು ಮಾಡಿದರೆ ಸಾಧ್ಯವೆಂಬುದಕ್ಕೆ ಪಿಣರಾಯಿ ವಿಜಯನ್ ಅವರ ಹೆಸರೇ ಸಾಕ್ಷಿ. ಇಂಗ್ಲಿಷಿನಲ್ಲಿ ಗುರುತೇ ಇಲ್ಲದ ಆ ಣಕಾರವನ್ನು ಕನ್ನಡ ಪತ್ರಿಕೆಗಳು ಬಹುಮಟ್ಟಿಗೆ ಬರೆಯುತ್ತ ಬಂದಿವೆ. ಮಲಯಾಳ ಬಲ್ಲ ವರದಿಗಾರರು ಕಾಸರಗೋಡು, ಮಂಗಳೂರುಗಳಲ್ಲಿ ಇರುವುದು ಇದಕ್ಕೆ ಕಾರಣವಿರಬೇಕು. ಅದೇ ರೀತಿ ಮರಾಠಿ ಹೆಸರುಗಳಿಗೆ ಬೆಳಗಾವಿ ಆವೃತ್ತಿಯವರನ್ನೂ ತೆಲುಗಿಗೆ ಬಳ್ಳಾರಿ, ರಾಯಚೂರಿನವರನ್ನೂ ಕೇಳಬಹುದು. ಸಿಂಹಳದಂಥ ಭಾಷೆಗಳಿಗಾದರೆ ಅಲ್ಲಿನ ಸರ್ಕಾರದ ಜಾಲತಾಣದಲ್ಲಿರುವ ಮೂಲ ಬರಹವನ್ನು ಒಮ್ಮೆ ಲಿಪ್ಯಂತರ ಮಾಡಿ ನೋಡಿದರೆ ಸಾಕು, ಐದು ನಿಮಿಷದ ಕೆಲಸ. ಹೀಗೆ ಖಚಿತಪಡಿಸಿಕೊಂಡ ಹೆಸರುಗಳ ಪಟ್ಟಿಯೊಂದನ್ನು ಸುದ್ದಿಮನೆಯ ಎಲ್ಲ ವಿಭಾಗಗಳಿಗೂ ಸಿಗುವಂತೆ ಇಟ್ಟು, ಹೊಸ ಹೆಸರು ಬಂದ ದಿನವೇ ಅದಕ್ಕೆ ಸೇರಿಸುತ್ತ ಹೋದರೆ ಮುಖಪುಟದ ದಿಸಾನಾಯಕರೂ ವಿದೇಶ ಪುಟದ ದಿಸಾನಾಯಕರೂ ಒಬ್ಬರೇ ಆಗಿ ಉಳಿಯುತ್ತಾರೆ, ಹಳೆಯ ಸಂಚಿಕೆಗಳನ್ನು ಅಂತರ್ಜಾಲದಲ್ಲಿ ಹುಡುಕುವವರಿಗೆ ಒಂದೇ ವ್ಯಕ್ತಿಯ ಸುದ್ದಿ ಮೂರು ಕಾಗುಣಿತಗಳ ಕೆಳಗೆ ಚದುರಿಹೋಗುವುದಿಲ್ಲ. ಆ ಪಟ್ಟಿಯನ್ನು ತಮ್ಮ ಜಾಲತಾಣದಲ್ಲಿ ಓದುಗರಿಗೂ ತೆರೆದಿಟ್ಟರೆ ಆಯಾ ಭಾಷೆ ಬಲ್ಲವರು ತಿದ್ದುಪಡಿ ಕಳಿಸಲು ಅನುಕೂಲವಾಗುತ್ತದೆ. ಮರಾಠಿ ಹೆಸರುಗಳ ಮಟ್ಟಿಗೆ ಆ ಕೆಲಸದಲ್ಲಿ ನೆರವಾಗಲು ನಾನು ಸಿದ್ಧನಿದ್ದೇನೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ಓದುಗ, ಬೆಳಗಾವಿ